ಹಂತಿಯ ಹೊರಗಿನ ಎತ್ತು

ವಾಡಿಯಿಂದ ಸೇಡಂ ಕಡೆ ಹೊರಟ ಪ್ಯಾಸೆಂಜರ್ ಗಾಡಿ ಚಿತ್ತಾಪುರ ಇನ್ನೂ ಸ್ವಲ್ಪ ದೂರವಿರುವಾಗಲೇ ಸಿಗ್ನಲ್ ಸಿಗದೆ ನಿಂತುಬಿಟ್ಟಿತು. ಫೆಬ್ರವರಿ ಕೊನೆಯ ಮಧ್ಯಾಹ್ನ. ಹಳಿಯ ಪಕ್ಕದ ಹೊಲದಲ್ಲಿ ಜೋಳದ ರಾಶಿ ನಡೆದಿತ್ತು. ಒಕ್ಕುವ ಮಷಿನ್ನು ಗುಡುಗುಡು ಎನ್ನುತ್ತಿತ್ತು, ಎತ್ತು ಒಂದೂ ಕಾಣಲಿಲ್ಲ. ಆದರೆ ಹೊಟ್ಟಿನ ದೂಳು ಕಿಟಕಿಯಿಂದ ಒಳಗೆ ಬಂದಾಗ ವಾಸನೆ ಮಾತ್ರ ಹಳೆಯದೇ. ಒಣಗಿದ ದಂಟಿನದು, ತುಸು ಸಿಹಿ, ಮೂಗಿನೊಳಗೆ ಕೆರೆಯುವಂಥದ್ದು. ಎದುರು ಕೂತವರು ಸೆರಗು, ಕರವಸ್ತ್ರ ಮುಚ್ಚಿಕೊಂಡರು. ನಾನು ಕಿಟಕಿಗೆ ಇನ್ನಷ್ಟು ಹತ್ತಿರ ಸರಿದೆ.

ವಾಸನೆಯನ್ನು ಸಾಕ್ಷಿಯಾಗಿ ಒಪ್ಪುವವನು ನಾನಲ್ಲ. ಹತ್ತು ವರ್ಷಕ್ಕೂ ಹಿಂದಿನ ಒಂದು ದಿನ ಬಿಸಿಲು, ಬಣ್ಣ, ಮಾತು ಸಮೇತ ಒಮ್ಮೆಲೇ ಎದ್ದು ಬಂದು ನಿಂತರೆ ನನಗೆ ಖುಷಿಗಿಂತ ಮೊದಲು ಅನುಮಾನ ಬರುತ್ತದೆ. ಇದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು? ಅವತ್ತು ಸೇಡಂಗೆ ಹೊರಟಿದ್ದೂ ಒಂದು ರೀತಿಯಲ್ಲಿ ಅದನ್ನು ತಾಳೆ ನೋಡುವುದಕ್ಕೇ. ಆ ದಿನ ನನ್ನ ಜೊತೆಗಿದ್ದ ಇಬ್ಬರು ಅಲ್ಲಿಗೆ ಬರುವವರಿದ್ದರು.

ತೊಂಬತ್ತಾರರ ಮಳೆಗಾಲದಲ್ಲಿ ನಾನು ಸೇಡಂನ ಒಂದು ಪದವಿ ಕಾಲೇಜಿಗೆ ಭೌತಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕನಾಗಿ ಸೇರಿದೆ. ನಮ್ಮ ಮನೆ ಶಹಾಬಾದಿನಲ್ಲಿ. ಅಪ್ಪ ಶಾಲಾ ಮಾಸ್ತರರು, ಮುಂಜಾನೆ ಸಂಜೆ ಓಣಿಯ ವೆಂಕಟರಮಣನ ಗುಡಿಯಲ್ಲಿ ಪೂಜೆ ಮಾಡುತ್ತಿದ್ದರು. ವಿಶ್ವವಿದ್ಯಾಲಯದಿಂದ ಎಂ.ಎಸ್ಸಿ. ಜೊತೆಗೆ ಇನ್ನೊಂದು ಚಾಳಿಯನ್ನೂ ನಾನು ತಂದಿದ್ದೆ: ಯಾರು ಏನು ಹೇಳಿದರೂ ಪುರಾವೆ ಕೇಳುವುದು. ಅಪ್ಪ ತೀರ್ಥ ಕೊಟ್ಟರೆ ನೀರು ಯಾವ ಬಾವಿಯದು ಎನ್ನುತ್ತಿದ್ದೆ. ಕಾಲೇಜಿನಲ್ಲಿ ಒಂದು ತಿಂಗಳೊಳಗೆ 'ಪುರಾವೆ ಸರ್' ಎಂದು ಹೆಸರು ಬಿತ್ತು. ಒಂದು ಕಡೆ ಕೂರುವ ಸ್ವಭಾವವೂ ನನ್ನದಲ್ಲ. ಭಾನುವಾರ ಬಂದರೆ ಬಸ್ಸು ಹತ್ತಿ ಸುಲೇಪೇಟ ದಾಟಿ ಚಿಂಚೋಳಿ ತನಕ ಹೋಗಿ, ಅಲ್ಲಿ ಒಂದು ಛಾ ಕುಡಿದು, ಪಕ್ಕದವರ ಅರ್ಧ ತೆಲುಗು ಅರ್ಧ ಕನ್ನಡದ ಮಾತು ಕೇಳಿಕೊಂಡು ಸಂಜೆಗೆ ವಾಪಸು ಬರುತ್ತಿದ್ದೆ.

ಆ ವರ್ಷ ಮಳೆ ಚೆನ್ನಾಗಿತ್ತು. ಕೋಡ್ಲಾ ಕಡೆಯ ಕಾರ್ಖಾನೆಯಿಂದ ಬಂದು ಬೇವಿನ ಎಲೆಯ ಮೇಲೆ ಕೂತಿದ್ದ ಸಿಮೆಂಟಿನ ಬೂದಿಪುಡಿ ತೊಳೆದು ಹೋಗಿ ಗಿಡಗಳೆಲ್ಲ ಒಮ್ಮೆ ಹಸಿರಾದವು. ಹಿಂಗಾರಿನ ಜೋಳ ಆಳೆತ್ತರ ಬೆಳೆಯಿತು. ಕಾಲೇಜಿನ ಅಂಗಳಕ್ಕೆ ನಮ್ಮ ಶಹಾಬಾದಿನ ಪರಸಿ ಕಲ್ಲು ಹಾಸಿದ್ದರು. ಬೆಳಗ್ಗೆ ತಣ್ಣಗಿದ್ದ ಕಲ್ಲು ಮಧ್ಯಾಹ್ನಕ್ಕೆ ಕಾದು ಹಂಚಾಗುತ್ತಿತ್ತು. ಬಿ.ಎಸ್ಸಿ. ಕೊನೆಯ ವರ್ಷದ ತರಗತಿಯಲ್ಲಿ ಬೆರಳೆಣಿಕೆಯಷ್ಟು ಮಕ್ಕಳು. ಅವರಲ್ಲಿ ಸುಜಾತಾ ದಿನಾ ವಾಡಿಯಿಂದ ಗಾಡಿಯಲ್ಲಿ ಬರುವವಳು. ಅವಳ ಅಪ್ಪ ಭೀಮಶಾ ಗೂಡ್ಸ್ ಗಾಡಿಯ ಗಾರ್ಡ್. ಮಗಳ ಗಾಡಿ ತಡವಾದರೆ ಅದಕ್ಕೆ ಅಪ್ಪನೇ ಹೊಣೆ ಎನ್ನುವಂತೆ ಹುಡುಗರು ಅವಳನ್ನು ಕಾಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಗುರುತ್ವಾಕರ್ಷಣೆಯ ಪಾಠ ಬಂತು. ಸೂರ್ಯನಿಗೆ ಹತ್ತಿರದ ಬುಧ ಜೋರಾಗಿ ಸುತ್ತುತ್ತದೆ, ದೂರ ಹೋದ ಹಾಗೆ ಗ್ರಹಗಳ ನಡಿಗೆ ನಿಧಾನವಾಗುತ್ತದೆ. ತೂಕವೆಲ್ಲ ನಡುವಿನ ಸೂರ್ಯನಲ್ಲಿದೆ, ದೂರಕ್ಕೆ ಅದರ ಎಳೆತ ಕಡಿಮೆ. ಪಠ್ಯ ಇಷ್ಟೇ. ನಾನು ಅಲ್ಲಿ ನಿಲ್ಲಲಿಲ್ಲ. ಸುರುಳಿ ಗೆಲಾಕ್ಸಿಯ ಚಿತ್ರ ಬರೆದೆ. ಅದರ ಬೆಳಕೆಲ್ಲ ನಡುವೆ ಗುಂಪುಗೂಡಿದೆ, ಅಂಚಿಗೆ ಹೋದಂತೆ ನಕ್ಷತ್ರ ವಿರಳ. ಹಾಗಾದರೆ ಅಂಚಿನ ನಕ್ಷತ್ರಗಳು ಗ್ರಹಗಳ ಹಾಗೆ ನಿಧಾನವಾಗಬೇಕು. ಬೋರ್ಡಿನ ಮೇಲೆ ಇಳಿಯುವ ಒಂದು ಗೆರೆ ಎಳೆದೆ. ಆಮೇಲೆ ಅಳೆದು ನೋಡಿದಾಗ ಸಿಕ್ಕಿದ್ದು ಇದು ಎಂದು ಅದರ ಮೇಲೆ ಇಳಿಯದೆ ನೆಟ್ಟಗೆ ಹೋಗುವ ಇನ್ನೊಂದು ಗೆರೆ ಎಳೆದೆ. ಅಂಚಿನವೂ ಒಳಗಿನವುಗಳಷ್ಟೇ ಜೋರಾಗಿ ಸುತ್ತುತ್ತವೆ. ಬೆಳಕು ಮುಗಿದ ಮೇಲೂ ಹೈಡ್ರೋಜನ್ ಅನಿಲ ಅದೇ ವೇಗದಲ್ಲಿ ಸುತ್ತುತ್ತಿರುತ್ತದೆ.

ಗಂಟೆ ಹೊಡೆಯಿತು. ಎಲ್ಲರೂ ಎದ್ದರು. ಸುಜಾತಾ ಏಳಲಿಲ್ಲ.

"ಸರ್, ಈ ಕೆಳಗಿನ ಗೆರಿ ಯಾರ ತಪ್ಪು?"

ಹಾಗೆ ಕೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಯಾರದೆಂದು ಇನ್ನೂ ಗೊತ್ತಿಲ್ಲ ಎಂದೆ. ಮರುದಿನ ಅವಳು ತಾನೇ ಲೆಕ್ಕ ಮಾಡಿಕೊಂಡು ಬಂದಿದ್ದಳು. ವೇಗ ಕಡಿಮೆ ಆಗುವುದಿಲ್ಲವೆಂದರೆ, ದೂರ ಎರಡು ಪಟ್ಟಾದಾಗ ಅದರೊಳಗಿನ ತೂಕವೂ ಎರಡು ಪಟ್ಟಾಗಬೇಕು. ಆದರೆ ಅಲ್ಲಿ ಬೆಳಕೇ ಇಲ್ಲವಲ್ಲ, ತೂಕ ಎಲ್ಲಿಂದ ಬಂತು? ಕಾಣದ ದ್ರವ್ಯ ಇರಬೇಕು ಎನ್ನುತ್ತಾರೆ, ಅದಕ್ಕೆ ಕಪ್ಪುದ್ರವ್ಯ ಎಂದು ಹೆಸರಿಟ್ಟಿದ್ದಾರೆ ಎಂದು ಹೇಳಿದೆ. ಹೇಳುವಾಗ ನನ್ನ ದನಿಯಲ್ಲೇ ನಂಬಿಕೆ ಇರಲಿಲ್ಲ. ಹಿಂದೊಮ್ಮೆ ಬೆಳಕು ಹರಿಯಲು ಏನಾದರೂ ಬೇಕೆಂದು ವಿಜ್ಞಾನಿಗಳು ಈಥರ್ ಎಂಬುದನ್ನು ಊಹಿಸಿ, ಆಮೇಲೆ ಅದನ್ನು ಕೈಬಿಡಬೇಕಾಯಿತು. ಇದೂ ಅದರ ತಮ್ಮನೇ ಇರಬೇಕೆಂದು ನನ್ನ ಗುಮಾನಿ. ಅವಳಿಗೆ ಗುಮಾನಿಯಲ್ಲಿ ಆಸಕ್ತಿ ಇರಲಿಲ್ಲ. ಸಂಕ್ರಾಂತಿ ಬರುವ ಹೊತ್ತಿಗೆ ತೀರ್ಮಾನ ಮಾಡಿಬಿಟ್ಟಿದ್ದಳು: ಹೈದರಾಬಾದಿಗೆ ಹೋಗಿ ಎಂ.ಎಸ್ಸಿ. ಮಾಡಬೇಕು, ಗೆಲಾಕ್ಸಿಗಳನ್ನೇ ಓದಬೇಕು.

ಅವಳ ಅಪ್ಪ ಒಲ್ಲೆ ಎಂದರು. ಗುಲಬರ್ಗಾದಲ್ಲಿ ಬಿ.ಎಡ್. ಮಾಡಲಿ, ಹೈಸ್ಕೂಲಿನಲ್ಲಿ ನೌಕರಿ ಸಿಗುತ್ತದೆ ಎಂದರು. ಯುಗಾದಿಯೊಳಗೆ ಹೈದರಾಬಾದಿನ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕದಿದ್ದರೆ ಆ ದಾರಿ ಮುಚ್ಚಿಹೋಗುತ್ತಿತ್ತು. "ನೀವೊಮ್ಮೆ ಬಂದು ಮಾತಾಡ್ರಿ ಸರ್" ಎಂದಳು ಸುಜಾತಾ. ಹೋದೆ.

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರ ಮನೆ. ಗೋಡೆಯ ಮೇಲೆ ಬುದ್ಧನ ಪಟ ಒಂದೇ. ಭೀಮಶಾ ಎತ್ತರದ ಮನುಷ್ಯ, ಮೆಲುದನಿ. ಅವರ ತಾಯಿ, ಮನೆಯವರೆಲ್ಲ ಆಯಿ ಎನ್ನುವ ಮುದುಕಿ, ನಾಲವಾರದ ಹತ್ತಿರದ ಹಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದವಳು ಅವತ್ತು ಮಗನ ಮನೆಗೆ ಬಂದಿದ್ದಳು. ಛಾ ಬಂತು. ಆಯಿ ನನ್ನ ಮುಖ ನೋಡದೆ ನನ್ನ ಕೈಯಲ್ಲಿದ್ದ ಕಪ್ಪನ್ನೇ ನೋಡುತ್ತಿದ್ದಳು. ಗುಡಿಯ ಮನೆಯಿಂದ ಬಂದವನು ಕುಡಿಯುತ್ತಾನೋ ಇಲ್ಲವೋ ಎಂದು. ಕುಡಿದು ಇನ್ನರ್ಧ ಕಪ್ಪು ಕೇಳಿದೆ. ಆಯಿ ಗೋಡೆಗೆ ಒರಗಿ ಕಾಲು ಚಾಚಿದಳು. ಪರೀಕ್ಷೆ ಅಲ್ಲಿಗೆ ಮುಗಿಯಿತೆಂದುಕೊಂಡೆ. ಅದು ಬರೀ ಮೊದಲನೆಯದಾಗಿತ್ತು.

"ಸರ್, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಖರೇ ಕೇಳ್ತೀನಿ, ಖರೇ ಹೇಳ್ರಿ" ಎಂದರು ಭೀಮಶಾ. "ಕಣ್ಣಿಗಿ ಕಾಣಂಗಿಲ್ಲ. ಕೈಗಿ ಸಿಗಂಗಿಲ್ಲ. ಬೆಳಕಿಲ್ಲ, ನೆರಳಿಲ್ಲ. ಆದ್ರ ಎಲ್ಲಾ ಕಡಿ ಅದ, ಎಲ್ಲಾದ್ನೂ ಹಿಡದದ. ನಾ ಸಣ್ಣಾವ ಇದ್ದಾಗ ಊರ ಪೂಜಾರಿ ಇದೇ ಮಾತು ಹೇಳ್ತಿದ್ದ."

ನಾನು ಏನೋ ಹೇಳಲು ಹೋದೆ. ಅವರು ಕೈ ಎತ್ತಿದರು.

"ನೀವು ಗುಡಿ ಮನಿಯವ್ರು, ನಿಮಗ ಇದು ಪಚನ ಆಗ್ತದ. ನಮ್ಮಪ್ಪ ಮನಿಯಾಗಿನ ದೇವರ ಜಗಲಿ ಕಿತ್ತಿ ನಮಗ ಅಕ್ಷರ ಕಲಿಸ್ಯಾನ. ಕಾಣದ್ದಕ್ಕ ಅಂಜಬ್ಯಾಡ್ರಿ, ಕಾಣದ್ದಕ್ಕ ಕೈ ಮುಗಿಬ್ಯಾಡ್ರಿ ಅಂದಾನ. ಈಗ ಅವನ ಮಮ್ಮಗಳು ಕಾಣದ್ದು ಓದಲಿಕ್ಕ ಹೈದರಾಬಾದಿಗಿ ಹೊಂಟಾಳ."

ಒಳಬಾಗಿಲಲ್ಲಿ ನಿಂತಿದ್ದ ಸುಜಾತಾ ಹೇಳಿದಳು: "ಕೈ ಮುಗೀಲಿಕ್ಕ ಹೊಂಟಿಲ್ಲಪ್ಪ. ಅಳೀಲಿಕ್ಕ ಹೊಂಟೀನಿ."

ಭೀಮಶಾ ಮಗಳ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಾ, ಅದಕ್ಕೂ ದೆವ್ವಕ್ಕೂ ಏನು ಫರಕ್ ಎಂದು ಕೇಳಿದರು. ಅವರು ಕೇಳಿದ್ದು ನನ್ನದೇ ಪ್ರಶ್ನೆ, ನಾನು ಇಡೀ ಊರಿಗೆ ಕೇಳಿಕೊಂಡು ತಿರುಗಿದ್ದು. ಗುಡಿಯ ಮನೆಯವ ಎಂದದ್ದು ಚುಚ್ಚಿತ್ತು. ಆ ಮನೆಯ ತೀರ್ಥವನ್ನು ಅನುಮಾನಿಸುತ್ತಲೇ ಬೆಳೆದವನಿಗೆ ಇನ್ನೂ ಹೆಚ್ಚು. ಕೊನೆಗೆ ಅವರೇ ಒಂದು ಮಾತು ಕೊಟ್ಟರು. ಪುಸ್ತಕದ ಮಾತು ಬೇಡ, ತಿಳಿಯುವ ಹಾಗೆ ಕಣ್ಣಮುಂದೆ ತೋರಿಸಿದರೆ ಮಗಳನ್ನು ತಾವೇ ಹೈದರಾಬಾದಿಗೆ ಬಿಟ್ಟು ಬರುವುದು, ಇಲ್ಲವಾದರೆ ಬಿ.ಎಡ್. ಮಗಳು ಅದಕ್ಕೆ ಅಲ್ಲೇ ಒಪ್ಪಿಕೊಂಡುಬಿಟ್ಟಳು. ನನ್ನನ್ನು ಕೇಳಲೂ ಇಲ್ಲ.

ತೋರಿಸುವುದು ಹೇಗೆ? ಕಾಲೇಜಿನ ಅಂಗಳದಲ್ಲಿ ಧ್ವಜದ ಕಂಬವಿತ್ತು. ಅದೇ ಗೆಲಾಕ್ಸಿಯ ನಡು. ಹುಡುಗರನ್ನು ಕಂಬದಿಂದ ಹೊರಕ್ಕೆ ಸಾಲಾಗಿ ನಿಲ್ಲಿಸಿ, ಮೊದಲು ಗ್ರಹಗಳ ಹಾಗೆ ಹೊರಗಿನವನು ನಿಧಾನ, ಆಮೇಲೆ ಗೆಲಾಕ್ಸಿಯ ಹಾಗೆ ಎಲ್ಲರೂ ಒಂದೇ ವೇಗ ಎಂದು ನಡೆಸಿ ತೋರಿಸೋಣ ಎಂದು ನಾನು ಯೋಚಿಸಿದೆ. ಒಂದೇ ವೇಗದಲ್ಲಿ ನಡೆದರೆ ಹೊರಗಿನವರಿಗೆ ಸುತ್ತು ದೊಡ್ಡದಾದ್ದರಿಂದ ಅವರು ಹಿಂದೆ ಬೀಳುತ್ತಾರೆ, ಸಾಲು ಬಾಲದ ಹಾಗೆ ಬಾಗುತ್ತದೆ. ನೋಡಲು ಚೆಂದ, ಭೀಮಶಾ ಅವರನ್ನು ಕರೆಸಿ ತೋರಿಸಬಹುದು.

ಸಾಲು ಬಾಗಲೇ ಇಲ್ಲ. ನಮ್ಮ ಹುಡುಗರೆಲ್ಲ ಕಣದಲ್ಲಿ ಬೆಳೆದವರು, ಹಂತಿ ಹೊಡೆದವರು. ಹಂತಿ ಎಂದರೆ ಕಣದ ನಡುವೆ ಮೇಟಿಯೆಂಬ ಕಂಬ ನೆಟ್ಟು, ಎತ್ತುಗಳ ಕೊರಳನ್ನು ಒಂದಕ್ಕೊಂದು ಹಗ್ಗದಿಂದ ಬಿಗಿದು ಸಾಲಾಗಿ ಆ ಕಂಬಕ್ಕೆ ಕಟ್ಟಿ, ಹರವಿದ ತೆನೆಯ ಮೇಲೆ ಸುತ್ತಿಸುವುದು. ಒಳಗಿನ ಎತ್ತು ಹೆಚ್ಚುಕಡಿಮೆ ನಿಂತಲ್ಲೇ ತಿರುಗುತ್ತದೆ, ಹೊರಗಿನದು ಓಡುತ್ತದೆ. ಸಾಲು ಮುರಿಯಬಾರದು. ಇವರೂ ಮುರಿಯಲಿಲ್ಲ. ಒಂದೇ ವೇಗ, ಒಂದೇ ವೇಗ ಎಂದು ನಾನು ಕೂಗುತ್ತಲೇ ಇದ್ದೆ. ಕಂಬದ ಹತ್ತಿರದವನು ಹೆಜ್ಜೆ ಸಣ್ಣದು ಮಾಡಿದ, ಹೊರಗಿನವನು ಓಡತೊಡಗಿದ. ನಿಲ್ಲಿಸಿ ಮತ್ತೆ ವಿವರಿಸಿದೆ. ತಲೆಯಾಡಿಸಿದರು. ಮತ್ತೆ ಅದೇ. ಕೊನೆಯಲ್ಲಿದ್ದ ಸುಲೇಪೇಟದ ಬಸವರಾಜ ಬೆವರು ಒರೆಸಿಕೊಳ್ಳುತ್ತಾ, "ಸರ್, ಹೊರಗಿನ ಎತ್ತಿಗಿ ಮೇವು ಜಾಸ್ತಿ ಹಾಕಬೇಕ್ರಿ" ಎಂದ. ಅಂಗಳವೆಲ್ಲ ನಕ್ಕಿತು. ನಾನು ಸಿಟ್ಟಿನಿಂದ ಚಾಕ್‌ಪೀಸು ಎಸೆದು ಮೆಟ್ಟಿಲ ಮೇಲೆ ಕೂತೆ.

ಸುಜಾತಾ ನಗಲೂ ಇಲ್ಲ, ಬೇಸರಪಡಲೂ ಇಲ್ಲ. ಅಂಗಳದ ಆಚೆ ತುದಿಗೆ ಹೋಗಿ ನಿಂತು, ಇನ್ನೊಮ್ಮೆ ಸುತ್ತಿರಿ ಎಂದು ಹುಡುಗರಿಗೆ ಹೇಳಿ, ದೂರದಿಂದ ನೋಡಿದಳು. ಆಮೇಲೆ ನನ್ನ ಬಳಿ ಬಂದಳು.

"ಸರ್, ಇವ್ರು ತಪ್ಪು ಮಾಡ್ಲಿಕತ್ತಿಲ್ರಿ. ಇವ್ರಿಗಿ ಹಗ್ಗ ಅದ. ನಮಗ ಕಾಣ್ಲಿಕತ್ತಿಲ್ಲ, ಅಷ್ಟ."

ಅಂಗಳದಲ್ಲಿ ತೋರಿಸುವುದು ಬೇಡ ಎಂದಳು. ನಾಲವಾರದ ಕಣದಲ್ಲಿ ಜೋಳದ ರಾಶಿ ಶುರುವಾಗುತ್ತದೆ, ಅಪ್ಪ ರಜೆ ಹಾಕಿ ಹೋಗುತ್ತಾನೆ, ಅಲ್ಲಿಗೇ ಬನ್ನಿ ಎಂದಳು. ಏನು ಮಾಡುತ್ತೀ ಎಂದು ಕೇಳಿದರೆ ಹೇಳಲಿಲ್ಲ. ನನಗೆ ಹೇಳಿದರೆ ನಾನು ಅದರಲ್ಲಿ ಹತ್ತು ತಪ್ಪು ಹುಡುಕಿ ಧೈರ್ಯ ಕೆಡಿಸುತ್ತೇನೆ ಎಂದು ಗೊತ್ತಿತ್ತು ಅವಳಿಗೆ.

ಆ ದಿನ ನನ್ನ ನೆನಪಿನಲ್ಲಿ ಹೀಗಿದೆ. ನಾನು, ಸುಜಾತಾ ನಾಲವಾರದಲ್ಲಿ ಇಳಿದು ಹಳಿಯ ಪಕ್ಕದ ಕಾಲುದಾರಿಯಲ್ಲಿ ನಡೆದೆವು. ಇಳಿಹೊತ್ತು. ಕಣ ಹಳಿಯಿಂದ ಸಾಕಷ್ಟು ದೂರದಲ್ಲಿತ್ತು. ಐದು ಎತ್ತುಗಳ ಹಂತಿ ಆಗಲೇ ಸುತ್ತುತ್ತಿತ್ತು. ಹಿಂದಿನಿಂದ ಆಯಿಯ ತಮ್ಮನ ಮಗ ಹಾಡಿಕೊಂಡು ಹೊಡೆಯುತ್ತಿದ್ದ. ಆಯಿ ಸೀರೆ ಮೇಲೆ ಕಟ್ಟಿ, ತಲೆಗೆ ಟವೆಲ್ ಸುತ್ತಿ ಹೊಟ್ಟಿನ ನಡುವೆ ನಿಂತಿದ್ದಳು. ಗಾಳಿಗೆ ಹೊಟ್ಟು ಹಾರಿ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಭೀಮಶಾ ಮುಂಜಾನೆ ತಾವೇ ಗಂಟು ಹಾಕಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡರು. ಸುಜಾತಾ ಆಯಿಯ ಕಿವಿಯಲ್ಲಿ ಏನೋ ಹೇಳಿ, ಅಪ್ಪನನ್ನೂ ನನ್ನನ್ನೂ ರೈಲು ಹಳಿಯ ಏರಿಯ ಮೇಲೆ ಹತ್ತಿಸಿದಳು. ಅಲ್ಲಿಂದ ಕಣ ಅಂಗೈಯಷ್ಟು. ಎತ್ತುಗಳು ಕಾಣುತ್ತಿದ್ದವು, ಹಗ್ಗ ಕಾಣುತ್ತಿರಲಿಲ್ಲ. ದೂಳಿನಲ್ಲಿ ಮೇಟಿಯೂ ಸರಿಯಾಗಿ ಕಾಣುತ್ತಿರಲಿಲ್ಲ.

"ಎತ್ತು ಕಟ್ಟ್ಯಾರೇನಪ್ಪಾ?"

"ಕಟ್ಟ್ಯಾರ. ಐದೂ."

"ಹಗ್ಗ ಕಾಣ್ತದೇನು?"

"ಇಷ್ಟು ದೂರದಿಂದ ಎಲ್ಲಿ ಕಾಣ್ತದ."

"ಮತ್ತ ಹ್ಯಾಂಗ ಹೇಳ್ತಿ?"

"ನಡಿಗಿ ನೋಡಿದ್ರ ತಿಳಿಯಂಗಿಲ್ಲೇನು? ಹೊರಗಿಂದು ನೋಡು, ಓಡ್ಲಿಕತ್ತದ. ಕಟ್ಟಿಲ್ಲಂದ್ರ ಅದಕ್ಕೇನು ಹುಚ್ಚು ಹಿಡದದ ಸುತ್ತಲಿಕ್ಕ?" ಎಂದವರು, ಮಗಳು ಎಲ್ಲಿಗೆ ತಂದು ನಿಲ್ಲಿಸಿದಳೆಂದು ತಿಳಿದು ಒಮ್ಮೆ ನನ್ನ ಕಡೆ ನೋಡಿ ನಕ್ಕರು. ಆದರೆ ಬಿಡುವ ಆಸಾಮಿ ಅಲ್ಲ. "ಆ ಹಗ್ಗ ನಾ ಹಾಕೀನಿ ಸುಜಾ. ಅದಕ್ಕ ಗೊತ್ತು. ನಿನ್ನ ಆಕಾಶದಾಗಿನ ಚಿಕ್ಕಿಗಿ ಹಗ್ಗ ಹಾಕಿದ್ದು ನೀ ನೋಡೀಯೇನು?"

ಅವರ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಕೇಳುತ್ತಿದ್ದೆ. ಸುಜಾತಾ ಅದಕ್ಕೆ ತಯಾರಾಗಿಯೇ ಬಂದಿದ್ದಳು. ನಾವು ಏರಿ ಹತ್ತುವಾಗ ಕಣಕ್ಕೆ ಬೆನ್ನು ಮಾಡಿದ್ದೆವು. ಆ ಹೊತ್ತಿನಲ್ಲಿ ಆಯಿ ಯಾವುದೋ ಒಂದು ಗಂಟು ಬಿಚ್ಚಿರಬಹುದು, ಒಂದೂ ಬಿಚ್ಚದೆಯೂ ಇರಬಹುದು. ಯಾವುದೆಂದು ತನಗೂ ಹೇಳಬಾರದೆಂದು ಆಯಿಗೆ ಹೇಳಿ ಬಂದಿದ್ದೇನೆ ಎಂದಳು. ಈಗ ನಡಿಗೆ ನೋಡಿ ಹೇಳಬೇಕು. ಭೀಮಶಾ ಐದೂ ಕಟ್ಟಿವೆ ಎಂದು ಆಗಲೇ ಬಾಯಿಬಿಟ್ಟು ಹೇಳಿಯಾಗಿತ್ತು.

ಅವರ ನಗು ನಿಂತಿತು. ಹಣೆಗೆ ಅಡ್ಡ ಕೈ ಹಿಡಿದು ಕಣದ ಕಡೆ ನೋಡಿದರು. ಎತ್ತುಗಳು ಸುತ್ತಿದವು. ಸಾಲು ನೆಟ್ಟಗಿತ್ತು. ಇನ್ನೊಂದು ಸುತ್ತು. ಸಾಲು ನೆಟ್ಟಗೇ ಇತ್ತು. ನನಗೆ ಒಳಗೊಳಗೇ ಕಸಿವಿಸಿ. ಬಿಚ್ಚಿದ್ದರೂ ಗೊತ್ತಾಗುವುದಿಲ್ಲವಲ್ಲ, ಇವು ವರ್ಷ ವರ್ಷ ಇದೇ ಕಣದಲ್ಲಿ ಸುತ್ತಿದ ಎತ್ತುಗಳು, ರೂಢಿಗೆ ನಡೆಯುತ್ತವೆ, ನಮ್ಮ ಅಂಗಳದ ಹುಡುಗರ ಹಾಗೆ. ಈ ಹುಡುಗಿ ಅದನ್ನು ಮರೆತಳು, ಒಂದು ರೂಢಿಯ ಮುಂದೆ ಅವಳ ಹೈದರಾಬಾದು ಹೋಯಿತು ಅಂದುಕೊಂಡೆ. ಸುಜಾತಾಳ ಬೆರಳು ಓಢಣಿಯ ತುದಿಯನ್ನು ಸುತ್ತುತ್ತಿದ್ದದ್ದು ಮಾತ್ರ ಕಂಡಿತು.

"ತಡಿ" ಎಂದರು ಭೀಮಶಾ.

ಅವರು ಒಂದು ಹೆಜ್ಜೆ ಮುಂದೆ ಬಂದರು. ಕಣ್ಣು ಕಿರಿದಾಗಿತ್ತು.

"ಹೊರಗಿಂದು. ಅದು ಈಗ ಓಡ್ಲಿಕತ್ತಿಲ್ಲ, ನಡೀಲಿಕತ್ತದ. ಬಾಜೂಕಿನ ಎತ್ತು ಅದನ್ನ ಎಳೀಲಿಕತ್ತಿಲ್ಲ. ಹೊರಗಿನ ಗಂಟು ಬಿಚ್ಚ್ಯಾರ."

ನನಗೆ ಏನೂ ಕಾಣಲಿಲ್ಲ. ಇನ್ನರ್ಧ ಸುತ್ತು ಕಳೆದಿರಬೇಕು, ಸಾಲಿನ ತುದಿ ತುಸು ಹಿಂದೆ ಬಿದ್ದಿತು. ಹೊರಗಿನ ಎತ್ತಿಗೂ ಅದರ ಪಕ್ಕದ್ದಕ್ಕೂ ನಡುವೆ ಒಂದು ಬಿರುಕು, ಬಿರುಕಿನಲ್ಲಿ ಬಿಸಿಲು. ಆಮೇಲೆ ಆ ಎತ್ತು ಸುತ್ತುವುದನ್ನೇ ಬಿಟ್ಟು, ಯಾರಪ್ಪನ ಹಂಗೂ ಇಲ್ಲವೆಂಬಂತೆ, ಕಣದಿಂದ ನೆಟ್ಟಗೆ ಹೊರಬಿದ್ದು ಬಾವಿಯ ಕಡೆ ನೀರು ಕುಡಿಯಲು ಹೊರಟಿತು. ಕೆಳಗೆ ಆಯಿ ಬಿಚ್ಚಿದ ಹಗ್ಗವನ್ನು ತಲೆಯ ಮೇಲೆ ಎತ್ತಿ ಬೀಸುತ್ತಿದ್ದಳು. ಕೂಗುತ್ತಲೂ ಇದ್ದಳು, ಏನೆಂದು ಕೇಳಿಸಲಿಲ್ಲ.

ಭೀಮಶಾ ಹಳಿಯ ಜಲ್ಲಿಕಲ್ಲಿನ ಮೇಲೆ ಕೂತುಬಿಟ್ಟರು. ಮೊದಲು ಐದೂ ಕಟ್ಟಿವೆ ಎಂದು ತಪ್ಪಿದರೂ, ಕಾಣದ ಹಗ್ಗ ಬಿಚ್ಚಿದೆಯೆಂದು ಆಮೇಲೆ ಬರೀ ನಡಿಗೆ ನೋಡಿ ಹೇಳಿ ಗೆದ್ದ ಮನುಷ್ಯ, ಗೆದ್ದದ್ದಕ್ಕೇ ಸೋತಿದ್ದರು. ಆದರೂ ಕೇಳುವುದನ್ನು ಬಿಡಲಿಲ್ಲ. ಹಂತಿಯಲ್ಲಿ ಹೊರಗಿನ ಎತ್ತು ಜೋರು, ನಿನ್ನ ಗೆಲಾಕ್ಸಿಯಲ್ಲಿ ಎಲ್ಲವೂ ಒಂದೇ ಜೋರು, ಇದು ಹೇಗೆ ಎಂದರು. ಇಲ್ಲಿಯದು ಬಿಗಿದ ಹಗ್ಗ, ಅಲ್ಲಿಯದು ಎಲ್ಲ ಕಡೆ ಹರವಿಕೊಂಡ ತೂಕದ ಎಳೆತ, ಎಳೆಯುವ ರೀತಿ ಬೇರೆಯಾದ್ದರಿಂದ ನಡಿಗೆಯೂ ಬೇರೆ ಎಂದಳು ಸುಜಾತಾ. ಅಷ್ಟು ದೂರದ ಚಿಕ್ಕೆಯ ನಡಿಗೆ ಹೇಗೆ ಗೊತ್ತು ಎಂದರು. ಬರುವ ಗಾಡಿಯ ಸೀಟಿ ಸಣ್ಣ ದನಿ, ಹೋಗುವ ಗಾಡಿಯದು ದಪ್ಪ ದನಿ ಆಗುತ್ತದಲ್ಲ, ಬೆಳಕೂ ಹಾಗೇ ಬದಲಾಗುತ್ತದೆ, ಅದನ್ನು ಅಳೆಯುತ್ತಾರೆ ಎಂದಳು. ಯಾವ ಚಿಕ್ಕೆಯಾದರೂ ಈ ಎತ್ತಿನ ಹಾಗೆ ಬಿಟ್ಟು ಹೋಗಿದೆಯೇ ಎಂದು ಕೇಳಿದರು.

"ಹೋಗಬೇಕಪ್ಪಾ. ಕಾಣೋ ತೂಕ ಅಷ್ಟೇ ಇದ್ರ, ಆ ಜೋರಿಗಿ ಎಲ್ಲಾ ಬಿಟ್ಟು ಹೋಗಬೇಕು. ಹೋಗಿಲ್ಲ. ಅದಕ್ಕೇ ಹಗ್ಗ ಹುಡುಕ್ಲಿಕತ್ತಾರ."

"ನಿಮ್ಮ ಲೆಕ್ಕಾನೇ ತಪ್ಪಿದ್ರ?"

ಇದಕ್ಕೆ ನಾನು ಉತ್ತರ ಕೊಟ್ಟೆ, ಆ ದಿನ ನನ್ನ ಪಾಲಿನ ಒಂದೇ ಕೆಲಸ ಅದು. ಹಿಂದೊಮ್ಮೆ ಯುರೇನಸ್ ಗ್ರಹದ ನಡಿಗೆ ಲೆಕ್ಕಕ್ಕೆ ಸಿಗದಾದಾಗ ಕಾಣದ ಇನ್ನೊಂದು ಗ್ರಹ ಎಳೆಯುತ್ತಿರಬೇಕು ಎಂದರು. ಹುಡುಕಿದರೆ ನೆಪ್ಚೂನ್ ಸಿಕ್ಕಿತು. ಬುಧನ ನಡಿಗೆಯೂ ಲೆಕ್ಕ ತಪ್ಪಿದಾಗ ಅದೇ ಧೈರ್ಯದಲ್ಲಿ ಇನ್ನೊಂದು ಕಾಣದ ಗ್ರಹ ಇದೆ ಎಂದರು. ಹುಡುಕಿದರೆ ಏನೂ ಇರಲಿಲ್ಲ, ಲೆಕ್ಕದ ನಿಯಮವನ್ನೇ ಬದಲಿಸಬೇಕಾಯಿತು. ಈ ಸಲ ಯಾವುದೆಂದು ಯಾರಿಗೂ ಗೊತ್ತಿಲ್ಲ, ನನಗಂತೂ ಇನ್ನೂ ಸಂಶಯ ಹೋಗಿಲ್ಲ ಎಂದೂ ಸೇರಿಸಿದೆ.

ಭೀಮಶಾ ಎದ್ದು ಪ್ಯಾಂಟಿನ ದೂಳು ಕೊಡವಿಕೊಂಡರು.

"ದೆವ್ವ ಅದ ಅನ್ನೋರಿಗಿ ನಾ ಎಷ್ಟೋ ಸಲ ಕೇಳೀನಿ ಸರ್, ಅದು ಇಲ್ಲಂತ ತಿಳೀಬೇಕಂದ್ರ ಏನು ನೋಡಬೇಕು ಹೇಳ್ರಿ ಅಂತ. ಒಬ್ಬರೂ ಹೇಳಿಲ್ಲ. ನನ್ನ ಮಗಳು ಹೇಳ್ಲಿಕತ್ತಾಳ." ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ನೀವು ಸಂಶಯ ಪಡ್ಕೋತ ಸೇಡಂದಾಗೇ ಇರ್ರಿ. ಇಕಿ ಹೋಗಿ ನೋಡಿ ಬರ್ತಾಳ" ಎಂದರು.

ಸುಜಾತಾ ಕೈಯೆತ್ತಿ ಕಣದ ಕಡೆ ಬೀಸಿದಳು. ಆಯಿ ಮತ್ತೆ ಹಗ್ಗ ಬೀಸಿದಳು. ಏರಿ ಇಳಿದು ಹೋದಾಗ ಆಯಿ ಆ ಹಗ್ಗವನ್ನು ನನ್ನ ಕೈಗೆ ಹಾಕಿ, "ಮಾಸ್ತರ, ಬಿಚ್ಚಸಿದವ್ರು ನೀವು. ಎತ್ತು ಹಿಡಕೊಂಡು ಬರ್ರಿ" ಎಂದಳು. ಇಡೀ ಯೋಜನೆಯಲ್ಲಿ ನನ್ನ ಕೈ ಇಲ್ಲವೆಂದು ಹೇಳಿದರೂ ಕೇಳಲಿಲ್ಲ. ಆ ಎತ್ತು ಬಾವಿಯ ಸುತ್ತ ನನ್ನನ್ನು ಓಡಾಡಿಸಿದ್ದನ್ನು ಕಣದವರೆಲ್ಲ ಕೆಲಸ ನಿಲ್ಲಿಸಿ ನೋಡಿದರು.

ಅರ್ಜಿ ಹೋಯಿತು. ಪರೀಕ್ಷೆಯೂ ಆಯಿತು, ಸೀಟೂ ಸಿಕ್ಕಿತು. ಮಳೆ ಶುರುವಾದ ಹೊಸತರಲ್ಲಿ ಅಪ್ಪ ಮಗಳು ವಾಡಿಯಿಂದ ಹೈದರಾಬಾದ್ ಗಾಡಿ ಹತ್ತಿದರು. ಸೇಡಂ ಸ್ಟೇಷನ್ನಿನಲ್ಲಿ ನಾನು ಕಾದಿದ್ದೆ. ಭೀಮಶಾ ಬಾಗಿಲಲ್ಲಿ ನಿಂತಿದ್ದರು, ಜೀವನವೆಲ್ಲ ಗಾಡಿಯ ಕೊನೆಯ ಡಬ್ಬಿಯಲ್ಲಿ ಪ್ರಯಾಣ ಮಾಡಿದವರು ಅವತ್ತು ಎಂಜಿನ್ನಿನ ಹಿಂದಿನ ಡಬ್ಬಿಯಲ್ಲೇ ಕೂರಬೇಕೆಂದು ಹಟ ಹಿಡಿದಿದ್ದರಂತೆ. ಗಾಡಿ ಹೊರಟಾಗ ಸುಜಾತಾ ಅಳುತ್ತಾಳೆಂದುಕೊಂಡಿದ್ದೆ. ಅವಳು ಹಲ್ಲು ಬಿಟ್ಟು ನಗುತ್ತಿದ್ದಳು.

ಈಗ ಅವಳು ದೊಡ್ಡ ರೇಡಿಯೊ ದೂರದರ್ಶಕವೊಂದರಲ್ಲಿ ಗೆಲಾಕ್ಸಿಗಳ ಅಂಚಿನ ಹೈಡ್ರೋಜನ್ ಅನಿಲದ ವೇಗ ಅಳೆಯುತ್ತಾಳೆ. ಚಿತ್ತಾಪುರದ ಹತ್ತಿರ ನಿಂತುಬಿಟ್ಟ ಆ ಗಾಡಿಯಲ್ಲಿ ನಾನು ಹೊರಟದ್ದು ಸೇಡಂನ ಅದೇ ಕಾಲೇಜಿನಲ್ಲಿ ಅವಳ ಉಪನ್ಯಾಸ ಕೇಳಲು. ಚಿತ್ತಾಪುರ, ಶಹಾಬಾದ್, ಚಿಂಚೋಳಿ ಕಡೆಯ ಕಾಲೇಜುಗಳಿಂದಲೂ ಮಕ್ಕಳು ಬಂದಿದ್ದರು. ಭಾಷಣಕ್ಕೆ ಮೊದಲು ಪ್ರಿನ್ಸಿಪಾಲರ ಕೋಣೆಯಲ್ಲಿ ನಾವು ಮೂವರೂ ಛಾ ಕುಡಿಯುವಾಗ ನಾನು ಕೇಳಿದೆ: ಆ ಎತ್ತಿನ ಬಣ್ಣ ಯಾವುದು? ನನ್ನ ಪ್ರಕಾರ ಕಂದು. ನಿವೃತ್ತರಾಗಿದ್ದ ಭೀಮಶಾ ತಟ್ಟನೆ ಬಿಳಿ ಎಂದರು, ತಮ್ಮ ಎತ್ತು ತಮಗೆ ಗೊತ್ತಿಲ್ಲವೇ ಎಂದರು. ಸುಜಾತಾ ಇಬ್ಬರೂ ತಪ್ಪು, ಅದು ಕರಿಮಚ್ಚೆಯದು, ಅಪ್ಪ ಹೇಳುವ ಬಿಳಿ ಎತ್ತು ಆಮೇಲೆ ತಂದದ್ದು ಎಂದಳು. ಆ ದಿನ ಏರಿಯಿಂದ ಇಳಿಯುವಾಗ ಪಡುವಣದಲ್ಲಿ ಬಾಲದ ಚಿಕ್ಕೆ ಕಂಡಿತ್ತಲ್ಲ ಎಂದೆ. ಅದು ಎಷ್ಟೋ ದಿನ ಆದ ಮೇಲೆ, ವಾಡಿಯ ಕ್ವಾರ್ಟರ್ಸಿನ ಮಾಳಿಗೆಯಿಂದ ಕಂಡದ್ದು, ನೀವು ಆಗ ಅಲ್ಲಿರಲೇ ಇಲ್ಲ ಎಂದಳು. ನಾನು ಅಷ್ಟು ವರ್ಷ ಕಣದ ಮೇಲೆ ನೇತುಹಾಕಿದ್ದ ಧೂಮಕೇತು ಹೀಗೆ ಒಂದು ಮಾತಿಗೆ ಬಿದ್ದುಹೋಯಿತು. ಬೇಸರವಾಗಲಿಲ್ಲ. ಮೂವರು ಸಾಕ್ಷಿಗಳು ಎಲ್ಲದರಲ್ಲೂ ಜಗಳವಾಡಿ, ಹೊರಗಿನ ಗಂಟು ಬಿಚ್ಚಿತ್ತು, ಎತ್ತು ಹೋಗುವ ಮೊದಲೇ ಭೀಮಶಾ ಅದನ್ನು ಹೇಳಿದರು ಎಂಬ ಒಂದರಲ್ಲಿ ಮಾತ್ರ ಒಂದಾಗಿದ್ದೆವು. ನನ್ನಂಥವನಿಗೂ ಇಷ್ಟು ಪುರಾವೆ ಸಾಕು.

ಅವಳು ಕನ್ನಡದಲ್ಲೇ ಮಾತಾಡಿದಳು, ಮಧ್ಯೆ ಮಧ್ಯೆ ನಮ್ಮ ಕಡೆಯ ಮಾತೂ ಬರುತ್ತಿತ್ತು. ತಾನೇ ಅಳೆದ ಗೆಲಾಕ್ಸಿಗಳ ಗೆರೆಗಳನ್ನು ಒಂದಾದ ಮೇಲೊಂದು ಪರದೆಯ ಮೇಲೆ ತೋರಿಸಿದಳು. ಪ್ರತಿಯೊಂದೂ ಏರಿ, ಆಮೇಲೆ ಇಳಿಯದೆ ಹೋಗುತ್ತಿತ್ತು. ಹತ್ತು ವರ್ಷದ ಹಿಂದೆ ನಾನು ಚಾಕಿನಲ್ಲಿ ಎಳೆದ ಗೆರೆ ಯಾರೋ ಅಳೆದದ್ದು; ಇವು ಅವಳವು. ಪ್ರಶ್ನೆ ಕೇಳಬಹುದು ಎಂದಾಗ ಮೊದಲು ಎದ್ದವರು ಮುಂದಿನ ಸಾಲಿನ ಭೀಮಶಾ.

"ಸಿಕ್ಕಿತೇನವಾ?"

ಸಭೆ ನಕ್ಕಿತು. ಸುಜಾತಾ ನಗಲಿಲ್ಲ. "ಇನ್ನಾ ಇಲ್ಲಪ್ಪ."

"ಇಲ್ಲೇ ಇಲ್ಲ ಅಂತ ಆದ್ರೂ ತಿಳೀತೇನು?"

"ಅದೂ ಇಲ್ಲ."

ಭೀಮಶಾ ಸಭೆಯ ಕಡೆ ತಿರುಗಿದರು. "ಹಂಗಾರ ಹುಡುಕ್ಲಿ" ಎಂದು, ತೀರ್ಪು ಕೊಟ್ಟವರ ಹಾಗೆ ಕೂತರು. ಚಪ್ಪಾಳೆ ಅವಳ ಉಪನ್ಯಾಸಕ್ಕಿಂತ ಅದಕ್ಕೇ ಹೆಚ್ಚು ಬಿತ್ತು.

ಆಮೇಲೆ ಮಕ್ಕಳು ಅವಳನ್ನು ಬಿಡಲಿಲ್ಲ, ಭಾಷಣದಲ್ಲಿ ಅವಳು ಹೇಳಿದ್ದ ಹಂತಿಯ ಆಟ ಆಡಿಸಬೇಕೆಂದರು. ಪರಸಿ ಹಾಸಿದ ಅದೇ ಅಂಗಳ, ಅದೇ ಧ್ವಜದ ಕಂಬ. ಹೊಸ ಮಕ್ಕಳು, ಮಷಿನ್ನಿನ ಕಾಲದವರು. ಆದರೂ ಹೆಗಲಿಗೆ ಹೆಗಲು ಹಚ್ಚಿ ನಿಂತ ಕೂಡಲೇ ಸಾಲು ನೆಟ್ಟಗಾಯಿತು. ಸುಜಾತಾ ಯಾರನ್ನೂ ತಿದ್ದಲಿಲ್ಲ. ಸುತ್ತ ನೋಡಿ ನನ್ನನ್ನು ಕರೆದು ಸಾಲಿನ ಕೊನೆಗೆ, ಎಲ್ಲರಿಗಿಂತ ಹೊರಗೆ ನಿಲ್ಲಿಸಿದಳು. ಈ ವಯಸ್ಸಿನಲ್ಲಿ ಹೊರಗಿನ ಎತ್ತು ಆಗುವುದು ನನ್ನಿಂದಾಗದು ಎಂದೆ. ಪುರಾವೆ ಏನು ಎಂದಳು.

ಸಾಲು ತಿರುಗಿತು. ಕಂಬದ ಹತ್ತಿರದ ಹುಡುಗಿ ನಿಂತಲ್ಲೇ ತಿರುಗುತ್ತಿದ್ದಳು, ನನ್ನ ಕಾಲಡಿಯ ಕಲ್ಲುಗಳು ಹಿಂದಕ್ಕೆ ಓಡುತ್ತಿದ್ದವು. ಉಸಿರು ಮೇಲೆ ಕೆಳಗೆ. ನೆರಳಿನಲ್ಲಿ ಕೂತಿದ್ದ ಭೀಮಶಾ ಕೈ ಬಾಯಿಗೆ ಹಿಡಿದು, "ಬಿಡಬ್ಯಾಡ್ರಿ ಸರ್, ಓಡ್ರಿ" ಎಂದು ಕೂಗಿದರು. ಪಕ್ಕದ ಹುಡುಗ ನನ್ನ ಹೆಗಲನ್ನು ಹಿಡಿದೂ ಇರಲಿಲ್ಲ. ಆದರೂ ನಾನು ಸಾಲು ಬಿಡಲಿಲ್ಲ. ಓಡಿದೆ.